ವಿಶ್ವ ಇತಿಹಾಸ ಓದುವುದು ಹೇಗೆ: ಉರುಕ್‌ನ ಮಣ್ಣಿನ ಹಲಗೆಯಿಂದ ಸೋವಿಯತ್ ಒಕ್ಕೂಟದ ಕೊನೆಯವರೆಗೆ

ವಿಶ್ವ ಇತಿಹಾಸ ಓದೋಣ ಅಂತ ಉತ್ಸಾಹದಿಂದ ಕೂತವರಲ್ಲಿ ಬಹಳ ಮಂದಿ ಈಜಿಪ್ಟ್ ದಾಟುವುದಿಲ್ಲ. ಪುಸ್ತಕ ದಪ್ಪ ಇದೆ ಅನ್ನುವುದು ನಿಜವಾದ ಕಾರಣವಲ್ಲ. ಹೆಚ್ಚಿನ ಪುಸ್ತಕಗಳು ಒಂದು ನಾಡು ಮುಗಿಸಿ ಇನ್ನೊಂದಕ್ಕೆ ಹೋಗುತ್ತವೆ. ಈಜಿಪ್ಟ್ ಮುಗಿಯುವ ಹೊತ್ತಿಗೆ ಕ್ಲಿಯೋಪಾತ್ರಳ ಸಾವು, ಅಂದರೆ ಕ್ರಿ.ಪೂ. 30. ಮುಂದಿನ ಅಧ್ಯಾಯ ಚೀನಾ, ಮತ್ತೆ ಸಾವಿರಾರು ವರ್ಷ ಹಿಂದಕ್ಕೆ. ಆಮೇಲೆ ಗ್ರೀಸ್, ಮತ್ತೆ ಹಿಂದಕ್ಕೆ. ಹೀಗೆ ಮೂರ್ನಾಲ್ಕು ಸಲ ಆಗುವಷ್ಟರಲ್ಲಿ ಯಾರು ಯಾರ ಕಾಲದವರು ಅನ್ನುವುದೇ ಕಲಸಿಹೋಗುತ್ತದೆ. ತಲೆಯಲ್ಲಿ ಉಳಿಯುವುದು ರಾಜರ ಹೆಸರುಗಳ ಪಟ್ಟಿ, ಅದೂ ಪರೀಕ್ಷೆ ಮುಗಿಯುವ ತನಕ.

ಇದಕ್ಕೆ ಉಪಾಯ ಒಂದೇ. ಉದ್ದಕ್ಕೆ ಓದಿದಷ್ಟೇ ಅಡ್ಡಕ್ಕೂ ಓದಬೇಕು. ಒಂದು ಕಡೆ ಏನಾಯಿತು ಅಂತ ಗೊತ್ತಾದ ಕೂಡಲೇ, ಅದೇ ಹೊತ್ತಿಗೆ ಬೇರೆ ಕಡೆ ಏನು ನಡೆಯುತ್ತಿತ್ತು ಅಂತ ಕೇಳಬೇಕು. ಮುಂದಿರುವ ಹೆಜ್ಜೆಗಳೆಲ್ಲ ಈ ಒಂದು ಅಭ್ಯಾಸಕ್ಕಾಗಿಯೇ.

ಹೆಜ್ಜೆ 1: ವರ್ಷಗಳ ಲೆಕ್ಕ ಸರಿಮಾಡಿಕೊಳ್ಳಿ

ಕ್ರಿ.ಪೂ. ವರ್ಷಗಳು ಕೆಳಗಿಳಿಯುತ್ತಾ ಬರುತ್ತವೆ. ಕ್ರಿ.ಪೂ. 500 ಮೊದಲು, 300 ಆಮೇಲೆ. ಸೊನ್ನೆ ಅನ್ನುವ ವರ್ಷ ಇಲ್ಲ. ಕ್ರಿ.ಪೂ. 1 ಆದ ಮೇಲೆ ನೇರವಾಗಿ ಕ್ರಿ.ಶ. 1. ಹಾಗಾಗಿ ಕ್ರಿ.ಪೂ. 30ರಿಂದ ಕ್ರಿ.ಶ. 30ಕ್ಕೆ 60 ವರ್ಷವಲ್ಲ, 59. ಶತಮಾನದ ವಿಷಯವೂ ಹಾಗೇ: 1789 ಅಂದರೆ 18ನೇ ಶತಮಾನ, 17ನೆಯದಲ್ಲ.

ಕ್ಯಾಲೆಂಡರ್‌ಗಳೂ ಬೇರೆ ಬೇರೆ. ರಷ್ಯಾದ ಅಕ್ಟೋಬರ್ ಕ್ರಾಂತಿ 1917ರ ಅಕ್ಟೋಬರ್ 25ರಂದು ನಡೆಯಿತು. ಉಳಿದ ಯುರೋಪಿನಲ್ಲಿ ಹೆಚ್ಚಿನ ಕಡೆ ಆ ದಿನ ನವೆಂಬರ್ 7. ರಷ್ಯಾ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟದ್ದು 1918ರಲ್ಲಿ. ಆ ವರ್ಷ ಜನವರಿ 31ರ ಮರುದಿನವೇ ಫೆಬ್ರವರಿ 14 ಬಂತು.

ಇನ್ನೊಂದು ಮಾತು. ಪುಸ್ತಕದಲ್ಲಿ 'ಸುಮಾರು' ಅಂತ ಇದ್ದರೆ ನಿಮ್ಮ ನೋಟ್ಸ್‌ನಲ್ಲೂ 'ಸುಮಾರು' ಇರಲಿ. ಹಳೆಯ ಕಾಲದ ಎಷ್ಟೋ ವರ್ಷಗಳು ಅಂದಾಜು. ಆ ಪದ ಬಿಟ್ಟು ಬರೆದರೆ ಇಲ್ಲದ ಖಚಿತತೆ ಬಂದುಬಿಡುತ್ತದೆ.

ಹೆಜ್ಜೆ 2: ಹದಿನೈದು ಗೂಟ ನೆಡಿ

ನೂರಾರು ಇಸವಿ ಬಾಯಿಪಾಠ ಮಾಡಬೇಕಿಲ್ಲ. ಹದಿನೈದು ಸಾಕು. ಮುಂದೆ ಓದುವ ಎಲ್ಲವನ್ನೂ ಇವಕ್ಕೇ ಕಟ್ಟುತ್ತಾ ಹೋಗಬಹುದು.

- ಕ್ರಿ.ಪೂ. ಸುಮಾರು 3200: ಮೆಸೊಪೊಟೇಮಿಯದ ಉರುಕ್‌ನಲ್ಲಿ ಬರವಣಿಗೆ
- ಕ್ರಿ.ಪೂ. ಸುಮಾರು 2500: ಗೀಜಾದ ಮಹಾ ಪಿರಮಿಡ್ ಎದ್ದು ನಿಂತಿದೆ, ಮೊಹೆಂಜೊದಾರೊ ತುಂಬಿದ ನಗರ
- ಕ್ರಿ.ಪೂ. ಸುಮಾರು 1200: ಪೂರ್ವ ಮೆಡಿಟರೇನಿಯನ್‌ನ ಕಂಚಿನ ಯುಗದ ರಾಜ್ಯಗಳ ಕುಸಿತ
- ಕ್ರಿ.ಪೂ. ಸುಮಾರು 500: ಪರ್ಷಿಯದಲ್ಲಿ ದೊರೆ ದಾರಯವುಷ (ಡೇರಿಯಸ್), ಅಥೆನ್ಸ್‌ನಲ್ಲಿ ಪ್ರಜಾಪ್ರಭುತ್ವದ ಆರಂಭ, ಚೀನಾದಲ್ಲಿ ಕನ್‌ಫ್ಯೂಷಿಯಸ್
- ಕ್ರಿ.ಪೂ. 221: ಚಿನ್ ದೊರೆಯಿಂದ ಚೀನಾದ ಏಕೀಕರಣ
- ಕ್ರಿ.ಪೂ. 27: ರೋಮ್‌ನ ಮೊದಲ ಚಕ್ರವರ್ತಿ ಆಗಸ್ಟಸ್
- ಕ್ರಿ.ಶ. 476: ಪಶ್ಚಿಮ ರೋಮ್‌ನ ಕೊನೆಯ ಚಕ್ರವರ್ತಿಯ ಪದಚ್ಯುತಿ
- 622: ಪೈಗಂಬರ್ ಮಹಮ್ಮದರು ಮೆಕ್ಕಾದಿಂದ ಮದೀನಾಕ್ಕೆ
- 1258: ಬಾಗ್ದಾದ್ ಮಂಗೋಲರ ವಶ
- 1348: ಯುರೋಪ್, ಈಜಿಪ್ಟ್‌ಗಳಲ್ಲಿ ಪ್ಲೇಗ್
- 1492: ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ
- 1789: ಫ್ರೆಂಚ್ ಕ್ರಾಂತಿ
- 1914: ಮೊದಲ ಮಹಾಯುದ್ಧ
- 1945: ಎರಡನೇ ಮಹಾಯುದ್ಧದ ಅಂತ್ಯ, ವಿಶ್ವಸಂಸ್ಥೆ
- 1991: ಸೋವಿಯತ್ ಒಕ್ಕೂಟದ ಅಂತ್ಯ

ಇದನ್ನು ಒಂದು ಉದ್ದ ಹಾಳೆಯ ಮೇಲೆ ಅಳತೆ ಹಾಕಿ ಬರೆಯಿರಿ. 100 ವರ್ಷಕ್ಕೆ ಎರಡು ಸೆಂಟಿಮೀಟರ್ ಇಟ್ಟರೂ ಉರುಕ್‌ನಿಂದ ಇಂದಿನವರೆಗೆ ಒಂದು ಮೀಟರ್ ದಾಟುತ್ತದೆ. ಅದರಲ್ಲಿ 1789ರಿಂದ ಈಚಿನದು ಐದು ಸೆಂಟಿಮೀಟರೂ ಇಲ್ಲ! ಪುಸ್ತಕಗಳಲ್ಲಿ ಮಾತ್ರ ಅರ್ಧಕ್ಕರ್ಧ ಪುಟ ಆ ತುಣುಕಿಗೇ ಹೋಗಿರುತ್ತದೆ. ಇದು ಕಣ್ಣಿಗೆ ಕಾಣಬೇಕು, ಅದಕ್ಕೇ ಹಾಳೆ.

ಹಾಳೆಯನ್ನು ಅಡ್ಡಗೆರೆ ಎಳೆದು ಐದು ಸಾಲು ಮಾಡಿ: ಪೂರ್ವ ಏಷ್ಯಾ, ದಕ್ಷಿಣ ಏಷ್ಯಾ, ಪಶ್ಚಿಮ ಏಷ್ಯಾ ಮತ್ತು ಆಫ್ರಿಕಾ, ಯುರೋಪ್, ಅಮೆರಿಕ ಖಂಡಗಳು. ಮೊದಲಿಗೆ ಅಮೆರಿಕದ ಸಾಲು ಬಹುತೇಕ ಖಾಲಿ ಕಾಣುತ್ತದೆ. ಹಾಗಂತ ಅಲ್ಲಿ ಏನೂ ಆಗಿರಲಿಲ್ಲ ಅಂತಲ್ಲ, ನಾವು ಓದಿಲ್ಲ ಅಷ್ಟೇ. ಮಾಯಾ ನಗರಗಳು, 1325ರ ಸುಮಾರಿಗೆ ಸರೋವರದ ನಡುವೆ ಎದ್ದ ಅಜ್ಟೆಕ್ ರಾಜಧಾನಿ ತೆನೊಚ್ತಿತ್ಲಾನ್, ಇಂಕಾಗಳ ರಸ್ತೆಗಳು, ಇವನ್ನು ತುಂಬಿಸುವ ತನಕ ಆ ಸಾಲು ನಿಮ್ಮನ್ನು ಕೆಣಕುತ್ತಲೇ ಇರಲಿ.

ಹೆಜ್ಜೆ 3: ನಕ್ಷೆ ಪಕ್ಕದಲ್ಲೇ ಇರಲಿ

ಊರಿನ ಹೆಸರು ಬಂದಾಗಲೆಲ್ಲ ನಕ್ಷೆ ತೆರೆಯಿರಿ. ಗಡಿಗಿಂತ ನದಿ, ಬೆಟ್ಟ, ಜಲಸಂಧಿ ಮುಖ್ಯ. ಗಡಿ ಬದಲಾಗುತ್ತದೆ, ನೀರಿನ ದಾರಿ ಅಷ್ಟು ಬೇಗ ಬದಲಾಗುವುದಿಲ್ಲ. ಕಾನ್‌ಸ್ಟಾಂಟಿನೋಪಲ್ ಸಾವಿರ ವರ್ಷ ಹೇಗೆ ತಾಳಿಕೊಂಡಿತು ಅನ್ನುವುದಕ್ಕೆ ಅರ್ಧ ಉತ್ತರ ನಕ್ಷೆಯಲ್ಲೇ ಇದೆ. ಮೂರು ಕಡೆ ನೀರು, ನೆಲದ ಕಡೆ 5ನೇ ಶತಮಾನದ ಕೋಟೆಗೋಡೆ. ಕಪ್ಪು ಸಮುದ್ರಕ್ಕೆ ಹೋಗುವ ಪ್ರತಿ ಹಡಗೂ ಅದರ ಮುಂದೆಯೇ ಹಾದು ಹೋಗಬೇಕು.

ಹಳೆಯ ಹೆಸರಿನ ಪಕ್ಕ ಈಗಿನ ಹೆಸರು ಬರೆದುಕೊಳ್ಳಿ. ಮೆಸೊಪೊಟೇಮಿಯದ ಬಹುಭಾಗ ಈಗಿನ ಇರಾಕ್. ಕಾರ್ಥೇಜ್ ಈಗಿನ ಟ್ಯೂನಿಸ್ ಪಕ್ಕ. ವಾರಕ್ಕೊಮ್ಮೆ ನೆನಪಿನಿಂದಲೇ ಒಂದು ನಕ್ಷೆ ಗೀಚಿ. ಚಂದ ಬರಬೇಕಿಲ್ಲ, ಯಾವುದು ಯಾವುದರ ಪಕ್ಕ ಅನ್ನುವುದು ಸರಿ ಇದ್ದರೆ ಸಾಕು.

ಹೆಜ್ಜೆ 4: ಪ್ರಾಚೀನ ಕಾಲ. 'ಇದು ನಮಗೆ ಹೇಗೆ ಗೊತ್ತಾಯಿತು?'

ಪ್ರತಿ ನಾಗರಿಕತೆಗೂ ನಾಲ್ಕು ಪ್ರಶ್ನೆ ಕೇಳಿ. ಅನ್ನ, ನೀರು ಎಲ್ಲಿಂದ? ತೆರಿಗೆ ಯಾರು ಎತ್ತುತ್ತಿದ್ದರು, ಲೆಕ್ಕ ಎಲ್ಲಿ ಇಡುತ್ತಿದ್ದರು? ಹೊರಗಿನವರ ಜೊತೆ ಏನು ವ್ಯಾಪಾರ? ಹೇಗೆ ಮುಗಿಯಿತು? ಇಷ್ಟಕ್ಕೆ ಉತ್ತರ ಸಿಕ್ಕರೆ ಮೊದಲ ಸುತ್ತಿಗೆ ಧಾರಾಳ. ಉರುಕ್‌ನ ಮೊದಲ ಬರಹಗಳು ಕಾವ್ಯವಲ್ಲ, ಬಾರ್ಲಿ, ಕುರಿ, ಬಿಯರ್ ಹಂಚಿಕೆಯ ಲೆಕ್ಕ. ಗುಮಾಸ್ತರ ಕೆಲಸ!

ಐದನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು: ಇದನ್ನು ಹೇಳಿದವರು ಯಾರು, ಅವರಿಗೆ ಏನು ಲಾಭ? ಇದಕ್ಕೆ ಕಾದೇಶ್ ಕದನದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಕ್ರಿ.ಪೂ. ಸುಮಾರು 1274ರಲ್ಲಿ ಈಜಿಪ್ಟಿನ ಎರಡನೇ ರಾಮ್ಸೆಸ್ ಮತ್ತು ಈಗಿನ ಟರ್ಕಿಯ ಕಡೆಯ ಹಿಟೈಟ್ ದೊರೆ ಮುವತಳ್ಳಿ ಈಗಿನ ಸಿರಿಯಾದ ಓರಾಂಟಿಸ್ ನದಿಯ ಹತ್ತಿರ ಎದುರಾದರು. ರಾಮ್ಸೆಸ್ ಈ ಕದನವನ್ನು ಅಬು ಸಿಂಬೆಲ್, ಲಕ್ಸಾರ್, ಅಬೈಡೋಸ್ ಹೀಗೆ ಹಲವು ದೇವಾಲಯಗಳ ಗೋಡೆಯ ಮೇಲೆ ಕೆತ್ತಿಸಿದ. ಅದನ್ನು ನೋಡಿದರೆ ಅವನು ಒಬ್ಬನೇ ರಥ ಏರಿ ಶತ್ರುಗಳನ್ನು ನದಿಗೆ ತಳ್ಳಿಬಿಟ್ಟ ಅನ್ನಿಸುತ್ತದೆ. ಈಗ ನಿಧಾನವಾಗಿ ಓದಿ. ಸೆರೆ ಸಿಕ್ಕ ಇಬ್ಬರು ಅಲೆಮಾರಿಗಳು 'ಹಿಟೈಟ್ ಸೈನ್ಯ ಇನ್ನೂ ದೂರ ಇದೆ' ಅಂದದ್ದನ್ನು ನಂಬಿ ರಾಮ್ಸೆಸ್ ಮೋಸ ಹೋದ ಅಂತ ಅದೇ ಬರಹದಲ್ಲಿದೆ. ಸೈನ್ಯ ಕಾದೇಶ್ ಊರಿನ ಹಿಂದೆಯೇ ಅಡಗಿತ್ತು. ಗೆದ್ದೆ ಅಂತ ಹೇಳಿಕೊಂಡವನ ಬಾಯಲ್ಲೇ ಈ ವಿವರ ಬಂದಿದೆ, ಆದ್ದರಿಂದ ನಂಬಬಹುದು. ಆಮೇಲೆ ಫಲಿತಾಂಶ ನೋಡಿ: ಕದನದ ನಂತರವೂ ಕಾದೇಶ್ ಹಿಟೈಟರ ಕೈಯಲ್ಲೇ ಉಳಿಯಿತು. ಹಿಟೈಟ್ ರಾಜಧಾನಿ ಹತ್ತುಸಾದಲ್ಲಿ ಸಿಕ್ಕ ಮಣ್ಣಿನ ಹಲಗೆಗಳು ಈಜಿಪ್ಟಿನವರೇ ಹಿಂದೆ ಸರಿದರು ಅನ್ನುತ್ತವೆ. ಸುಮಾರು ಹದಿನೈದು ವರ್ಷದ ಮೇಲೆ ಎರಡೂ ಕಡೆಯವರು ಶಾಂತಿ ಒಪ್ಪಂದ ಮಾಡಿಕೊಂಡರು. ಅದರ ಪ್ರತಿ ಈಜಿಪ್ಟಿನ ಕಾರ್ನಾಕ್ ದೇವಾಲಯದ ಗೋಡೆಯ ಮೇಲೂ ಇದೆ, ಹತ್ತುಸಾದ ಹಲಗೆಗಳಲ್ಲೂ ಇದೆ.

ಗೋಡೆ ಮಾತ್ರ ಓದಿದವನಿಗೆ ಇದು ಮಹಾ ವಿಜಯ. ಎರಡೂ ಓದಿದವನಿಗೆ ಹೆಚ್ಚು ಕಡಿಮೆ ಸಮಬಲದ ಕದನ.

ಅಡ್ಡಕ್ಕೆ ಓದುವುದರಿಂದ ಇಸವಿಗಳೂ ಗಟ್ಟಿಯಾಗುತ್ತವೆ. ಅಶೋಕನ ಹದಿಮೂರನೇ ಬಂಡೆ ಶಾಸನದಲ್ಲಿ ಐವರು ಗ್ರೀಕ್ ರಾಜರ ಹೆಸರಿದೆ: ಅಂತಿಯೋಕಸ್, ಟಾಲೆಮಿ, ಅಂತಿಗೊನಸ್, ಮಾಗಸ್, ಅಲೆಕ್ಸಾಂಡರ್. ಇವರು ಯಾವಾಗ ಆಳಿದರು ಅನ್ನುವುದು ಮೆಡಿಟರೇನಿಯನ್ ಕಡೆಯ ದಾಖಲೆಗಳಿಂದ ಗೊತ್ತು. ಇವರೆಲ್ಲ ಒಟ್ಟಿಗೆ ಬದುಕಿದ್ದ ಕೆಲವೇ ವರ್ಷಗಳಲ್ಲಿ ಅಶೋಕನ ಶಾಸನವನ್ನು ಇಡಬೇಕಾಗುತ್ತದೆ. ಅಶೋಕನ ಕಾಲ ಕ್ರಿ.ಪೂ. 3ನೇ ಶತಮಾನದ ನಡುಭಾಗ ಅಂತ ಗೊತ್ತಾಗಲು ಇದು ದೊಡ್ಡ ಆಧಾರ.

ಓದಲಾಗದ ಬರಹಗಳೂ ಇವೆ ಅನ್ನುವುದು ನೆನಪಿರಲಿ. ಹರಪ್ಪ, ಮೊಹೆಂಜೊದಾರೊಗಳ ಮುದ್ರೆಗಳ ಲಿಪಿಯನ್ನು ಎಲ್ಲರೂ ಒಪ್ಪುವ ಹಾಗೆ ಯಾರೂ ಇನ್ನೂ ಓದಿಲ್ಲ. ಆದ್ದರಿಂದ ಅಲ್ಲಿನ ಒಬ್ಬ ದೊರೆಯ ಹೆಸರೂ ನಮಗೆ ಗೊತ್ತಿಲ್ಲ. ಚರಂಡಿ, ಇಟ್ಟಿಗೆ, ತೂಕದ ಕಲ್ಲುಗಳೇ ಅಲ್ಲಿ ಮಾತಾಡಬೇಕು. ಈಜಿಪ್ಟ್‌ಗೆ 1799ರಲ್ಲಿ ಸಿಕ್ಕ ರೊಸೆಟ್ಟಾ ಕಲ್ಲು ನೆರವಾಯಿತು. ಅದರಲ್ಲಿ ಗ್ರೀಕ್ ಬರಹವೂ ಇತ್ತು, 1822ರಲ್ಲಿ ಶಾಂಪೊಲಿಯನ್ ದಾರಿ ಕಂಡುಕೊಂಡ. ಸಿಂಧೂ ಲಿಪಿಗೆ ಅಂಥ ಕಲ್ಲು ಸಿಕ್ಕಿಲ್ಲ.

ಹೆಜ್ಜೆ 5: ಮಧ್ಯಯುಗವನ್ನು ಯುರೋಪಿಗೆ ಮಾತ್ರ ಬಿಟ್ಟುಕೊಡಬೇಡಿ

'ಕತ್ತಲ ಯುಗ' ಅಂತ ಓದಿದ ಕೂಡಲೇ ಯಾರಿಗೆ ಕತ್ತಲು ಅಂತ ಕೇಳಿ. 8ನೇ ಶತಮಾನದಲ್ಲಿ ಚೀನಾದ ಟಾಂಗ್ ದೊರೆಗಳ ರಾಜಧಾನಿ ಚಾಂಗಾನ್ ಜಗತ್ತಿನ ಅತಿ ದೊಡ್ಡ ನಗರಗಳಲ್ಲಿ ಒಂದು. 762ರಲ್ಲಿ ಅಬ್ಬಾಸಿದ್ ಖಲೀಫ ಬಾಗ್ದಾದ್ ಕಟ್ಟಿಸಿದ. ಸ್ಪೇನಿನ ಕಾರ್ಡೋಬಾ ಮುಂದೆ ಗ್ರಂಥಾಲಯಗಳಿಗೆ ಹೆಸರಾಯಿತು. ಅಲ್ಲೆಲ್ಲ ದೀಪ ಚೆನ್ನಾಗಿಯೇ ಉರಿಯುತ್ತಿತ್ತು, ಅಲ್ವಾ?

ಈ ಸಾವಿರ ವರ್ಷವನ್ನು ಹಿಡಿಯಲು ಕಾಗದದ ಬೆನ್ನು ಹತ್ತಿ. ಚೀನಾದ ಆಸ್ಥಾನದಲ್ಲಿದ್ದ ತ್ಸೈ ಲುನ್ ಕ್ರಿ.ಶ. 105ರಲ್ಲಿ ಕಾಗದ ಮಾಡುವ ವಿಧಾನವನ್ನು ಚಕ್ರವರ್ತಿಗೆ ಒಪ್ಪಿಸಿದ ಅನ್ನುತ್ತವೆ ಚೀನೀ ದಾಖಲೆಗಳು. ಅದಕ್ಕಿಂತ ಹಳೆಯ ಕಾಗದದ ಚೂರುಗಳೂ ಸಿಕ್ಕಿವೆ. 8ನೇ ಶತಮಾನದಲ್ಲಿ ಈ ವಿದ್ಯೆ ಸಮರ್‌ಖಂಡ್, ಬಾಗ್ದಾದ್ ತಲುಪಿತು. 751ರ ತಲಾಸ್ ಕದನದಲ್ಲಿ ಸೆರೆ ಸಿಕ್ಕ ಚೀನೀಯರಿಂದ ಕಲಿತರು ಅನ್ನುವ ಕಥೆ ಬಹಳ ಜನಪ್ರಿಯ. ಅದನ್ನು ಅನುಮಾನಿಸುವ ವಿದ್ವಾಂಸರೂ ಇದ್ದಾರೆ. 12ನೇ ಶತಮಾನದ ಹೊತ್ತಿಗೆ ಸ್ಪೇನ್, 13ನೆಯದರಲ್ಲಿ ಇಟಲಿ. 1450ರ ದಶಕದಲ್ಲಿ ಜರ್ಮನಿಯ ಮೈಂಜ್‌ನಲ್ಲಿ ಗುಟೆನ್‌ಬರ್ಗ್ ಅಚ್ಚು ಹಾಕಲು ಕೂತಾಗ ಅವನ ಕೈಯಲ್ಲಿದ್ದ ಕಾಗದಕ್ಕೆ ಸಾವಿರ ವರ್ಷಕ್ಕೂ ಜಾಸ್ತಿ ಪ್ರಯಾಣದ ಚರಿತ್ರೆ ಇತ್ತು.

ಆಫ್ರಿಕಾ ಮರೆಯಬೇಡಿ. ಮಾಲಿಯ ದೊರೆ ಮನ್ಸಾ ಮೂಸಾ 1324ರಲ್ಲಿ ಹಜ್‌ಗೆ ಹೊರಟು ಕೈರೋದಲ್ಲಿ ತಂಗಿದಾಗ ಎಷ್ಟು ಚಿನ್ನ ಹಂಚಿದನೆಂದರೆ ಅಲ್ಲಿ ಚಿನ್ನದ ಬೆಲೆಯೇ ಇಳಿಯಿತು. ಇದನ್ನು ಬರೆದಿಟ್ಟವನು ಕೆಲವು ವರ್ಷದ ಮೇಲೆ ಕೈರೋದಲ್ಲಿ ವಿಚಾರಿಸಿದ ಅಲ್ ಉಮರಿ.

ಇನ್ನು ಮಂಗೋಲರು ಮತ್ತು ಪ್ಲೇಗ್. ಇವೆರಡನ್ನೂ ಒಟ್ಟಿಗೆ ಓದಿ. 1206ರಲ್ಲಿ ಚಂಗೀಸ್ ಖಾನ್ ಮಂಗೋಲರ ನಾಯಕನಾದ ಮೇಲೆ ಏಷ್ಯಾದ ಉದ್ದಗಲ ಓಡಾಟ ಹೆಚ್ಚಿತು. 1347ರಲ್ಲಿ ಕಪ್ಪು ಸಮುದ್ರದ ಕಡೆಯಿಂದ ಬಂದ ಹಡಗುಗಳ ಜೊತೆ ಪ್ಲೇಗ್ ಸಿಸಿಲಿ ಮುಟ್ಟಿತು. ಯುರೋಪಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ದುಡಿಯುವ ಕೈ ಕಡಿಮೆಯಾಗಿ ಕೂಲಿ ಏರಿತು. ಇಂಗ್ಲೆಂಡಿನಲ್ಲಿ 1351ರ ಕಾನೂನು ಕೂಲಿಯನ್ನು ಹಳೆಯ ದರಕ್ಕೇ ಕಟ್ಟಿಹಾಕಲು ನೋಡಿತು. 1381ರಲ್ಲಿ ರೈತರು ದಂಗೆ ಎದ್ದರು. ವ್ಯಾಪಾರದ ದಾರಿ, ರೋಗ, ಕೂಲಿ, ಕಾನೂನು, ದಂಗೆ: ಹೀಗೆ ಸಾಲು ಹಿಡಿದು ಬರೆದುಕೊಂಡರೆ ಇಸವಿ ತಾನಾಗಿಯೇ ನೆನಪಿರುತ್ತದೆ.

ಹೆಜ್ಜೆ 6: 1500ರ ಆಚೆ ಒಂದು ವಸ್ತುವಿನ ಬೆನ್ನು ಹತ್ತಿ

ಇಲ್ಲಿಂದ ಖಂಡಗಳೆಲ್ಲ ಹಡಗಿನ ದಾರಿಯಲ್ಲಿ ಹೆಣೆದುಕೊಳ್ಳುತ್ತವೆ. ದೇಶವಾರು ಓದಿದರೆ ಕೈಗೆ ಏನೂ ಸಿಗುವುದಿಲ್ಲ. ಬೆಳ್ಳಿಯನ್ನು ಹಿಡಿದುಕೊಳ್ಳಿ.

1545ರಲ್ಲಿ ಈಗಿನ ಬೊಲಿವಿಯಾದ ಪೊಟೊಸಿ ಬೆಟ್ಟದಲ್ಲಿ ಸ್ಪೇನಿನವರಿಗೆ ಬೆಳ್ಳಿ ಸಿಕ್ಕಿತು. ಸುಮಾರು 4,000 ಮೀಟರ್ ಎತ್ತರ, ಕೊರೆಯುವ ಚಳಿ. ಅದಿರಿನಿಂದ ಬೆಳ್ಳಿ ಬಿಡಿಸಲು ಪೆರುವಿನ ಹುವಾಂಕವೆಲಿಕಾ ಗಣಿಯ ಪಾದರಸ ಬಂತು. ಕೆಲಸಕ್ಕೆ ಸುತ್ತಲಿನ ಹಳ್ಳಿಗಳಿಂದ ಸರದಿಯ ಮೇಲೆ ಜನರನ್ನು ಬಲವಂತವಾಗಿ ಕರೆತರುತ್ತಿದ್ದರು. ಈ ಬೆಳ್ಳಿ ಒಂದು ಕಡೆ ಅಟ್ಲಾಂಟಿಕ್ ದಾಟಿ ಸ್ಪೇನಿಗೆ ಹೋಯಿತು. 1571ರಲ್ಲಿ ಸ್ಪೇನಿನವರು ಮನಿಲಾದಲ್ಲಿ ನೆಲೆಯೂರಿದ ಮೇಲೆ ಇನ್ನೊಂದು ಪಾಲು ಮೆಕ್ಸಿಕೋದ ಅಕಪುಲ್ಕೊದಿಂದ ಪೆಸಿಫಿಕ್ ದಾಟಿ ಅಲ್ಲಿಗೆ ಹೋಯಿತು. ಮನಿಲಾದಲ್ಲಿ ಚೀನೀ ವರ್ತಕರು ರೇಷ್ಮೆ, ಪಿಂಗಾಣಿ ಕೊಟ್ಟು ಬೆಳ್ಳಿ ಕೊಂಡರು. ಅವರಿಗೆ ಅಷ್ಟು ಬೆಳ್ಳಿ ಯಾಕೆ? ಮಿಂಗ್ ಸರ್ಕಾರ ತೆರಿಗೆಯನ್ನು ಬೆಳ್ಳಿಯಲ್ಲೇ ಕೇಳತೊಡಗಿತ್ತು. ಯುರೋಪಿನ ಕಂಪನಿಗಳೂ ಭಾರತದ ಹತ್ತಿಬಟ್ಟೆಗೆ ಇದೇ ಬೆಳ್ಳಿ ಸುರಿದವು.

ಇಷ್ಟು ಬೆಳ್ಳಿ ಇದ್ದ ಸ್ಪೇನ್ ಶ್ರೀಮಂತವಾಗಿಯೇ ಉಳಿಯಬೇಕಿತ್ತು. ಆದರೆ ಎರಡನೇ ಫಿಲಿಪ್‌ನ ಸರ್ಕಾರ 1557, 1575, 1596ರಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲಿತು. ಯುದ್ಧದ ಖರ್ಚು ಬೆಳ್ಳಿಗಿಂತ ಮುಂದೆ ಓಡುತ್ತಿತ್ತು. ಒಂದೇ ಲೋಹದ ಕಥೆಯಲ್ಲಿ ಆಂಡಿಸ್‌ನ ಗಣಿ ಕೂಲಿ, ಚೀನಾದ ತೆರಿಗೆ, ಸ್ಪೇನಿನ ದಿವಾಳಿ ಮೂರೂ ಬಂದವು ನೋಡಿ.

ಇದೇ ರೀತಿ ಸಕ್ಕರೆ ಹಿಡಿದು ಹೋದರೆ ಗುಲಾಮರ ವ್ಯಾಪಾರ ಎದುರಾಗುತ್ತದೆ. ಆಫ್ರಿಕಾದಿಂದ ಅಟ್ಲಾಂಟಿಕ್ ಹಡಗುಗಳಿಗೆ ಬಲವಂತವಾಗಿ ಹತ್ತಿಸಲಾದವರು ಸುಮಾರು 1 ಕೋಟಿ 25 ಲಕ್ಷ ಅಂತ ಇತಿಹಾಸಕಾರರ ಅಂದಾಜು. ದಡ ಮುಟ್ಟಿದವರು ಸುಮಾರು 1 ಕೋಟಿ 7 ಲಕ್ಷ. ನಡುವಿನ ವ್ಯತ್ಯಾಸವನ್ನು ಸುಮ್ನೆ ಅಂಕಿ ಅಂತ ಓದಿ ಮುಂದೆ ಹೋಗಬೇಡಿ. ಹತ್ತಿ, ಆಲೂಗಡ್ಡೆ, ಸಿಡುಬು ಕೂಡ ಒಳ್ಳೆಯ ಎಳೆಗಳು.

ಹೆಜ್ಜೆ 7: ಆಧುನಿಕ ಕಾಲದಲ್ಲಿ ಕಾರಣಗಳನ್ನು ಪದರ ಪದರವಾಗಿ ಬಿಡಿಸಿ

1789ರ ನಂತರ ದಾಖಲೆ ಕಡಿಮೆ ಅನ್ನುವ ತೊಂದರೆ ಇಲ್ಲ, ಅತಿಯಾಗಿದೆ ಅನ್ನುವುದೇ ತೊಂದರೆ. ಇಲ್ಲಿ ಮೂರು ಕಾಲಂ ಸಾಕು: ದೂರದ ಕಾರಣ, ಹತ್ತಿರದ ಕಾರಣ, ಕಿಡಿ. 1914ನ್ನೇ ತೆಗೆದುಕೊಳ್ಳಿ. ಕಿಡಿ ಎಲ್ಲರಿಗೂ ಗೊತ್ತು, ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆ. ಹತ್ತಿರದ ಕಾರಣಗಳಲ್ಲಿ 1912–13ರ ಬಾಲ್ಕನ್ ಯುದ್ಧಗಳು, ಬ್ರಿಟನ್–ಜರ್ಮನಿಯ ಯುದ್ಧನೌಕೆ ಪೈಪೋಟಿ ಬರುತ್ತವೆ. ದೂರದ್ದಕ್ಕೆ 1871ರಲ್ಲಿ ಜರ್ಮನಿಯ ಏಕೀಕರಣ, ಫ್ರಾನ್ಸ್ ಕಳೆದುಕೊಂಡ ಅಲ್ಸಾಸ್-ಲೊರೇನ್, ವಸಾಹತುಗಳ ಜಗಳ. ಆಮೇಲೆ ದಿನಾಂಕ ಜೋಡಿಸಿ: ಜುಲೈ 28ಕ್ಕೆ ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿತು, ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸ್ ಮೇಲೆ, 4ಕ್ಕೆ ಬ್ರಿಟನ್ ಇಳಿಯಿತು. ಕೊಲೆಗೂ ಮೊದಲ ಘೋಷಣೆಗೂ ನಡುವೆ ಸರಿಯಾಗಿ ಒಂದು ತಿಂಗಳಿದೆ. ಯುದ್ಧ ತಪ್ಪಿಸಬಹುದಿತ್ತೇ ಅನ್ನುವ ಚರ್ಚೆ ನಡೆಯುವುದು ಆ ತಿಂಗಳ ಮೇಲೆಯೇ.

ಕ್ರಾಂತಿಗಳ ಪಟ್ಟಿಗೆ ಹೈಟಿಯನ್ನು ತಪ್ಪದೆ ಸೇರಿಸಿ. 1791ರಲ್ಲಿ ಗುಲಾಮರು ದಂಗೆ ಎದ್ದು 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. 'ಎಲ್ಲರೂ ಸಮಾನರು' ಅಂದ ಫ್ರಾನ್ಸ್ ಅವರ ಮೇಲೆ ಸೈನ್ಯ ಕಳಿಸಿತು. 1945ರ ಆಚೆಯನ್ನು ಅಮೆರಿಕ–ಸೋವಿಯತ್ ಜಗಳ ಅಂತ ಮಾತ್ರ ಓದಬೇಡಿ. 1947ರಲ್ಲಿ ಭಾರತ, ಪಾಕಿಸ್ತಾನ, ಏಷ್ಯಾ, ಆಫ್ರಿಕಾದ ದೇಶಗಳು ಸೇರಿದ 1955ರ ಬಾಂಡುಂಗ್ ಸಮ್ಮೇಳನ, 1960 ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳ ಸ್ವಾತಂತ್ರ್ಯ, ಇವೆಲ್ಲ ಅದೇ ಕಾಲದ್ದು. ಆ ಕಾಲದಲ್ಲಿ ಹೆಚ್ಚು ಜನರ ಬದುಕು ಬದಲಿಸಿದ್ದು ಇದೇ ಅಂತ ನನ್ನ ಅಭಿಪ್ರಾಯ.

ಹೆಜ್ಜೆ 8: ಒಂದೇ ಘಟನೆಗೆ ಇಬ್ಬರು ಲೇಖಕರು

ಎರಡನೇ ಸುತ್ತಿನಲ್ಲಿ ಒಂದೆರಡು ವಿಷಯ ಆರಿಸಿ, ಒಪ್ಪದ ಇಬ್ಬರನ್ನು ಎದುರುಬದುರು ಕೂರಿಸಿ ಓದಿ. ರೋಮ್‌ನ ಪತನ ಚೆನ್ನಾಗಿ ಒದಗುತ್ತದೆ. 476ರಲ್ಲಿ ಸೇನಾ ನಾಯಕ ಒಡೊವೇಸರ್ ಬಾಲಕ ಚಕ್ರವರ್ತಿ ರೊಮುಲುಸ್ ಆಗಸ್ಟುಲುಸ್‌ನನ್ನು ಪಟ್ಟದಿಂದ ಇಳಿಸಿದ, ಅಲ್ಲಿಗೆ ರೋಮ್ ಮುಗಿಯಿತು ಅನ್ನುವವರಿದ್ದಾರೆ. ಪೂರ್ವದಲ್ಲಿ 1453ರವರೆಗೂ ತಮ್ಮನ್ನು ರೋಮನ್ನರೆಂದೇ ಕರೆದುಕೊಂಡವರು ಆಳುತ್ತಿದ್ದರಲ್ಲ ಅನ್ನುವವರೂ ಇದ್ದಾರೆ. ಯಾರು ಯಾವ ಸಾಕ್ಷ್ಯ ಎತ್ತಿಕೊಂಡರು, ಯಾವುದನ್ನು ಬಿಟ್ಟರು ಅಂತ ಅಂಚಿನಲ್ಲಿ ಗುರುತು ಹಾಕಿ.

ಹೆಜ್ಜೆ 9: ವೇಗ ಮತ್ತು ಪರೀಕ್ಷೆ

ದಿನಕ್ಕೆ ಮುಕ್ಕಾಲು ಗಂಟೆ ಕೊಟ್ಟರೆ ಮೊದಲ ಸುತ್ತಿಗೆ ಆರೇಳು ತಿಂಗಳು ಇಟ್ಟುಕೊಳ್ಳಿ. ಓದಿ ಮುಗಿಸಿದ ಭಾಗವನ್ನು ಪುಸ್ತಕ ಮುಚ್ಚಿ ಐದು ಸಾಲಲ್ಲಿ ಬರೆಯಿರಿ. ಅಡಿಗೆರೆ ಎಳೆಯುವುದು ಓದಿದ ಹಾಗೆ ಅನ್ನಿಸುತ್ತದೆ ಅಷ್ಟೇ, ನೆನಪಿಗೆ ಹೆಚ್ಚು ಸಹಾಯ ಮಾಡುವುದಿಲ್ಲ.

ತಿಂಗಳಿಗೊಮ್ಮೆ ಈ ಪರೀಕ್ಷೆ. ಒಂದು ವರ್ಷ ಆರಿಸಿ, ಜಗತ್ತಿನ ಸುತ್ತ ಒಂದು ಸುತ್ತು ಹಾಕಿ. 1600ಕ್ಕೆ ಉತ್ತರ ಹೀಗಿರಬಹುದು: ಫೆಬ್ರವರಿಯಲ್ಲಿ ರೋಮ್‌ನಲ್ಲಿ ತತ್ವಜ್ಞಾನಿ ಜೊರ್ಡಾನೊ ಬ್ರೂನೋನನ್ನು ಸುಟ್ಟರು. ಅಕ್ಟೋಬರ್‌ನಲ್ಲಿ ಜಪಾನಿನ ಸೆಕಿಗಹಾರಾದಲ್ಲಿ ತೊಕುಗಾವ ಇಯೆಯಾಸು ಗೆದ್ದ. ಉತ್ತರ ಭಾರತದಲ್ಲಿ ಅಕ್ಬರ್, ಚೀನಾದಲ್ಲಿ ಮಿಂಗ್ ವಂಶದ ವಾನ್‌ಲಿ. ಪೊಟೊಸಿಯಲ್ಲಿ ಗಣಿ ಕೆಲಸ ಜೋರು. ಡಿಸೆಂಬರ್ 31ರಂದು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ರಾಣಿಯ ಸನ್ನದು ಸಿಕ್ಕಿತು. ಎರಡು ಸಾಲು ಖಾಲಿ ಉಳಿದರೆ ಮುಂದಿನ ತಿಂಗಳ ಓದು ಅದೇ. ಶುರುಮಾಡಲು ಕ್ರಿ.ಪೂ. 250, ಕ್ರಿ.ಶ. 800 ಮತ್ತು 1848 ಒಳ್ಳೆಯ ವರ್ಷಗಳು.